ಅಂದಪ್ಪ ಮಾಸ್ತರರ ಹಾಜರಿ

ನಿಜಾಮರ ಕಾಲದಲ್ಲಿ ನಮ್ಮ ಯಲಬುರ್ಗಿಯ ಸಾಲೆಗೆ ಚಕ್ಕರ್ ಹೊಡೆಯುವುದೆಂದರೆ ಗಣಿತದ ಅಂದಪ್ಪ ಮಾಸ್ತರರನ್ನು ಮನೆಗೆ ಊಟಕ್ಕೆ ಕರೆದಂತೆ. ರಜೆಚೀಟಿ ಕಳಿಸದೆ ಗೈರುಹಾಜರಾದವನ ಮನೆಗೆ ಅವರು ಸಂಜೆ ತಪ್ಪದೆ ಬರುತ್ತಿದ್ದರು; ಹೊಟ್ಟೆನೋವೆಂದವನ ಹೊಟ್ಟೆಯನ್ನು ತಬಲದಂತೆ ಬಾರಿಸಿ ನೋಡಿ, "ಇದು ಹಸಿವು, ರೊಟ್ಟಿ ಕೊಡ್ರಿ" ಎಂದು ತಾಯಿಗೆ ಹೇಳಿ, ತಾವೂ ಒಂದು ತಿನ್ನುತ್ತಿದ್ದರು. "ಹಾಜರಿ ಕಡಿಮಿ ಆದ್ರ ಪರೀಕ್ಷಾಕ್ಕ ಕುಂದ್ರಸಂಗಿಲ್ಲ ನೋಡ್ರಿ" ಎಂಬುದು ಅವರ ಮಂತ್ರ. ಒಮ್ಮೆ ನಮ್ಮ ಕನಕಪ್ಪ ವಾರವಿಡೀ ಬರಲಿಲ್ಲ. ಮಾಸ್ತರರು ಹೋಗಿ ಕೇಳಿದರೆ ಅವನ ತಾಯಿ ಭೀಮಕ್ಕ ಕಂಕುಳಲ್ಲಿದ್ದ ಅವನ ಪುಟ್ಟ ತಂಗಿಯನ್ನು ತೋರಿಸಿ, "ನಾ ಕೂಲಿಗೆ ಹೋದ್ರ ಈ ಕೂಸಿನ್ನ ಯಾರು ನೋಡ್ತಾರ್ರಿ?" ಎಂದಳು. ಮಾಸ್ತರರು, "ಅದನ್ನೂ ಸಾಲಿಗೆ ಕಳಸವ್ವ" ಎಂದರು. ಮರುದಿನ ಕನಕಪ್ಪನೊಡನೆ ಸಾಲೆಗೆ ಬಂದ ಕೂಸು ಅವರ ಹೆಗಲ ಮೇಲೆ ನಿದ್ದೆಹೋಗಿತ್ತು. ಗುಡುಗಿನಂಥ ಕಂಠದ ಮಾಸ್ತರರು ಪಿಸುದನಿಯಲ್ಲಿ ಹೆಸರು ಕರೆದರು, ನಾವೆಲ್ಲ ಪಿಸುದನಿಯಲ್ಲೇ "ಹಾಜರ್" ಎಂದೆವು.