ಜವರಯ್ಯ ಮೇಷ್ಟ್ರ ಲೇತು

ಸರಸ್ವತಿಪುರಂನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಜವರಯ್ಯನವರು ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಬೆಟ್ಟದ ಕಡೆ ತಿರುಗಿ ತಾಯಿ ಚಾಮುಂಡಿಗೆ ಕೈಮುಗಿದ ಮೇಲೆ, ಮರ ಕಡೆಯುವ ಲೇತು ಬಂದು ಕೂರಬೇಕಾದ ಹಿತ್ತಿಲ ಜಗಲಿಯನ್ನು ಟೇಪು ಹಿಡಿದು ಅಳೆಯುತ್ತಾರೆ. ಬೆಳಗಾಗುವಷ್ಟರಲ್ಲಿ ಜಗಲಿ ಎಲ್ಲಿ ಕುಗ್ಗಿಬಿಟ್ಟಿತೋ ಎಂಬ ಅನುಮಾನ ಅವರಿಗೆ. "ಆ ಜಾಗದಲ್ಲಿ ಒಂದು ಎಮ್ಮೆ ಕಟ್ಟಿದ್ರೆ ಇಷ್ಟೊತ್ತಿಗೆ ಮೂರು ಕರ ಹಾಕಿರೋದು ಕಣ್ರೀ" ಎನ್ನುತ್ತಾರೆ ಹೆಂಡತಿ ಪುಟ್ಟತಾಯಮ್ಮ. ಮೇಷ್ಟ್ರು ಅದಕ್ಕೆಲ್ಲ ಬಗ್ಗುವವರಲ್ಲ. ಮಗಳ ಮಗುವಿಗೆ ತಾವೇ ಮರ ಕಡೆದು ತೊಟ್ಟಿಲು ಮಾಡಿಕೊಡಬೇಕೆಂದು ಲೇತು ಹುಡುಕಲು ಹೊರಟವರು ಅವರು. ಆ ಮಗು ಈಗ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದೆ, ಮಗಳು ಮತ್ತೆ ಬಸುರಿ. ಲಷ್ಕರ್ ಮೊಹಲ್ಲಾದಲ್ಲಿ ಮರಗೆಲಸದ ಮೆಷೀನು ಮಾರುವ ಮರಿಸ್ವಾಮಿಯ ಅಂಗಡಿಗೆ ಕಾಲಲ್ಲಿ ತುಳಿಯುವ ಲೇತು ಬಂದಿರಲಿ, ಮೋಟಾರಿನದು ಬಂದಿರಲಿ, ಉಳಿಯನ್ನು ಅದಕ್ಕೆ ಆನಿಸಿ ನೋಡಿ, "ಅದುರ್ತದೆ ಕಣಪ್ಪ, ಇದೂ ಬ್ಯಾಡ" ಎಂದು ಎದ್ದುಬಿಡುತ್ತಾರೆ. ಮೊನ್ನೆ ಮರಿಸ್ವಾಮಿ ಲೇತನ್ನು ತಿರುಗಿಸಿಯೇ ಇರಲಿಲ್ಲ. ಆದರೂ ಮೇಷ್ಟ್ರ ಕೈಯಲ್ಲಿ ಉಳಿ ಅದುರುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಮೇಷ್ಟ್ರು ಉಳಿ ಕೆಳಗಿಟ್ಟು ಕೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟರು. "ತೊಟ್ಟಿಲಿಗೆ ಬೇಕಾದ್ದನ್ನ ನಮ್ಮ ಆಚಾರಿ ಕೈಲಿ ಕಡೆಸಿಕೊಡ್ತೀನಿ ಬುಡಿ ಮೇಷ್ಟ್ರೇ" ಎಂದ ಅವನು ಮೆಲ್ಲಗೆ. "ಬ್ಯಾಡ ಕಣಪ್ಪ" ಎಂದರು ಮೇಷ್ಟ್ರು. "ಹೆರಿಗೆಗೆ ಇನ್ನೂ ನಾಲ್ಕು ತಿಂಗಳದೆ."