ಕಸ್ತೂರಕ್ಕನ ‘ಹೋಗಿ ಬಾ’ ಫೈಲು

ಕಂಪ್ಯೂಟರಿನಲ್ಲಿ ಒಂದು ಸಾಲು ಅಳಿಸುವಾಗಲೂ ಕಸ್ತೂರಕ್ಕ ನೆಂಟರನ್ನು ಬಾಗಿಲಿಗೆ ಬಂದು ಕಳಿಸುವವಳಂತೆ ಕೈ ಎತ್ತಿ, “ಹೋಗಿ ಬಾ ಯಪ್ಪಾ” ಎನ್ನುತ್ತಿದ್ದಳು. ತಿಕೋಟಾದ ಅವಳ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಿ ಜನರ ಮೊಬೈಲಿಗೆ ಕಳಿಸುವ ಕೆಲಸ ನಮ್ಮಿಬ್ಬರದು, ನಾನು ಅವಳ ಸಹಾಯಕ. ಹೆಸರು, ನಂಬರುಗಳ ಉದ್ದನೆಯ ಪಟ್ಟಿಯಿಂದ ಬೇಡವಾದ ಸಾಲು ತೆಗೆಯಲು ಅವಳೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದಳು. ಅದು ತೆಗೆದ ಸಾಲನ್ನು ಬಿಸಾಡದೆ ‘ಹೋಗಿ ಬಾ’ ಎಂಬ ಇನ್ನೊಂದು ಫೈಲಿಗೆ ಹಾಕುತ್ತಿತ್ತು.

ನಾನು ನಕ್ಕರೆ, “ಮನಿಗೆ ಬಂದವರಿಗೆ ಬರೇ ಹೋಗು ಅಂತೀಯೇನು? ಹೆಸರಿಗೂ ಅನಬಾರ್ದು” ಎನ್ನುವಳು. ಪ್ರತಿ ಪಟ್ಟಿಯ ಮೊದಲ ಸಾಲು ಅವಳದೇ ನಂಬರು. ಪತ್ರಿಕೆ ಸರಿಯಾಗಿ ಹೋಗುತ್ತದೋ ಎಂದು ನೋಡಲು. ಮೊಬೈಲು ಟಿಣ್ ಎಂದೊಡನೆ, “ನನಗೂ ಕರದಾರಲೇ!” ಎಂದು ಕುರ್ಚಿಯಲ್ಲೇ ಕುಣಿಯುವಳು.

ಒಮ್ಮೆ ಘೋಣಸಗಿಯ ಮಲ್ಲಪ್ಪನವರು ಮಗಳ ಲಗ್ನದ ಪಟ್ಟಿ ತಂದರು. ನಿಡೋಣಿಯ ಪಾಟೀಲರೊಬ್ಬರ ಜೊತೆ ಹೊಲದ ದಾರಿಗಾಗಿ ಜಗಳವಾಗಿ ಮಾತು ಬಿಟ್ಟಿದ್ದರು. “ಆ ಪಾಟೀಲನ ಹೆಸರು ತಗೀರಿ” ಎಂದು ಹೋದರು. ಅಕ್ಕ ಚಹಾಕ್ಕೆ ಹೋಗಿದ್ದಳು. ನಾನು ಮಹಾ ಜಾಣ, ‘ಪಾಟೀಲ’ ಎಂದಿರುವ ಸಾಲುಗಳನ್ನೆಲ್ಲ ತೆಗೆಸಿ ಪತ್ರಿಕೆ ಕಳಿಸಿಯೇ ಬಿಟ್ಟೆ. ನಮ್ಮ ಕಡೆ ಓಣಿ ಓಣಿಗೂ ಪಾಟೀಲರಿದ್ದಾರೆ ಎಂಬುದು ಆಗ ನೆನಪಾಗಲಿಲ್ಲ.

ಮಧ್ಯಾಹ್ನ ಮಲ್ಲಪ್ಪನವರು ಏದುಸಿರು ಬಿಡುತ್ತ ಬಂದರು. “ಬಬಲೇಶ್ವರದ ಬೀಗರಿಗೇ ಪತ್ರಿಕಿ ಮುಟ್ಟಿಲ್ರಿ! ನಮ್ಮನ್ನ ಕರೀಲಾರ್ದ ಲಗ್ನಕ್ಕ ನಮ್ಮ ಹುಡುಗ ಹ್ಯಾಂಗ ಬರ್ತಾನ ಅಂತ ಸಿಟ್ಟಾಗಿ ಕುಂತಾರ!” ಬೀಗರೂ ಪಾಟೀಲರೇ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮದುಮಗನ್ನ ಅಳಸಿ ಲಗ್ನಾ ಮಾಡಾಕ ಹೊಂಟೀಯೇನಲೇ!” ಎನ್ನುತ್ತ ‘ಹೋಗಿ ಬಾ’ ತೆರೆದು ಅಷ್ಟೂ ಪಾಟೀಲರನ್ನು ವಾಪಸು ಕರೆತಂದಳು. ಬೀಗರಿಗೆ ತಾನೇ ಫೋನು ಮಾಡಿ, “ತಪ್ಪು ನಮ್ಮದರಿ. ನೀವಿಲ್ಲದ ಲಗ್ನ ಹ್ಯಾಂಗ್ರಿ?” ಎಂದು ಅವರನ್ನೂ ನಗಿಸಿದಳು. ಅವಸರದಲ್ಲೋ, ಬೇಕೆಂದೋ, ನಿಡೋಣಿಯವರಿಗೂ ಪತ್ರಿಕೆ ಹೋಯಿತು. ಲಗ್ನದ ದಿನ ಅವರೇ ಎಲ್ಲರಿಗಿಂತ ಮೊದಲು ಬಂದರು. ಮಲ್ಲಪ್ಪನವರು ಹೋಳಿಗೆಯ ಬುಟ್ಟಿಯನ್ನು ಅವರ ಕೈಗಿತ್ತು ಬಡಿಸಲು ಕಳಿಸಿದರು.

ಹೋದ ವರ್ಷ ಅಕ್ಕ ತೀರಿಕೊಂಡಳು. ವಿಜಯಪುರದ ಆಸ್ಪತ್ರೆಯಲ್ಲೂ ನರ್ಸುಗಳನ್ನು ನಗಿಸುತ್ತಿದ್ದಳಂತೆ. ಅಂಗಡಿ ಈಗ ನಾನು ನೋಡಿಕೊಳ್ಳುತ್ತೇನೆ. ಮೊನ್ನೆ ಬಂದ ಹೊಸ ಪಟ್ಟಿಯನ್ನು ಅವಳು ಮಾಡಿಟ್ಟ ನಮೂನೆಯಲ್ಲೇ ತುಂಬಿದೆ. ಮೊದಲ ಸಾಲಿನಲ್ಲಿ ಅವಳ ನಂಬರು ಹಾಗೇ ಕೂತಿತ್ತು. ಇಷ್ಟು ದಿನ ತೆಗೆಯಲು ಮನಸ್ಸಾಗದ ಆ ಸಾಲನ್ನು ತೆಗೆಯಲು ಪ್ರೋಗ್ರಾಂ ಓಡಿಸಿದೆ. ಗಿರಾಕಿ ಎದುರಿಗೇ ಇದ್ದರೂ ನನ್ನ ಕೈ ತಾನಾಗಿ ಮೇಲೆದ್ದಿತು.

“ಹೋಗಿ ಬಾ ಬೇ ಅಕ್ಕಾ” ಎಂದೆ.