ಜಡೆ ಹಾಕಿದ ನಾಯಕಿ

ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ನಮ್ಮ ಹೈಸ್ಕೂಲಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಒಬ್ಬ ನಾಯಕಿ ಇದ್ದಳು. ಚೆಂಡು ಕೈಗೆ ಬಂದರೆ ಮೊದಲು ಅದರ ಮಣ್ಣನ್ನು ಲಂಗಕ್ಕೆ ಒರೆಸುವಳು. ಯಾರು ತಪ್ಪಿದರೂ "ಇರ್ಲಿ ಬಿಡವಾ, ಮುಂದ ನೋಡು" ಎನ್ನುವಳು.

ಆ ವರ್ಷ ಒಂದು ಪಂದ್ಯ ಗೆದ್ದರೆ ಮುಂದಿನದು ಸೋಲುತ್ತಿದ್ದೆವು. ನಾಯಕತ್ವ ತನಗೇ ಸಿಗಬೇಕಿತ್ತೆಂದು ಮುನಿಸಿಕೊಂಡಿದ್ದ ನಮ್ಮ ಅತ್ಯುತ್ತಮ ಆಟಗಾರ್ತಿ ಇವಳಿಗೆ ಚೆಂಡು ಕೊಡುತ್ತಲೇ ಇರಲಿಲ್ಲ, ಮಾತನ್ನೂ ಬಿಟ್ಟಿದ್ದಳು.

ಮುದ್ದೇಬಿಹಾಳದಲ್ಲಿ ಕೊನೆಯ ಪಂದ್ಯ. ಅಂದು ಬೆಳಿಗ್ಗೆ ಮುನಿಸಿಕೊಂಡಿದ್ದ ಆ ಹುಡುಗಿಯ ಬೆರಳು ಉಳುಕಿ ಊದಿಕೊಂಡಿತು. ಜಡೆ ಹೆಣೆದುಕೊಳ್ಳಲಾಗದೆ ಮೂಲೆಯಲ್ಲಿ ಅಳುತ್ತ ಕುಳಿತಳು. ನಾಯಕಿ ಹಣಿಗೆ ಹಿಡಿದು ಅವಳ ಹಿಂದೆ ಕುಳಿತಳು.

"ನನ್ನ ಮ್ಯಾಲೆ ಸಿಟ್ಟಿಲ್ಲೇನು?" ಎಂದಳು ಹುಡುಗಿ.

"ಐತಿ. ಅಳ್ಳಾಡಬ್ಯಾಡ, ಬೈತಲಿ ಸೊಟ್ಟ ಆಗ್ತೈತಿ."

ಅಳುತ್ತಿದ್ದವಳು ನಕ್ಕುಬಿಟ್ಟಳು.

ಆ ದಿನ ಬುಟ್ಟಿಗೆ ಎಸೆಯಲಾಗದ ಅವಳು ಸಿಕ್ಕ ಚೆಂಡನ್ನೆಲ್ಲ ನಾಯಕಿಗೇ ಕೊಟ್ಟಳು. ನಾಯಕಿಯ ಗುರಿ ಅಷ್ಟಕ್ಕಷ್ಟೇ. ಹಲವು ಸಲ ತಪ್ಪಿ, ಕೊನೆಯ ಚೆಂಡು ಬುಟ್ಟಿಯ ಅಂಚಿನಲ್ಲಿ ಸುತ್ತಿ ಒಳಗೆ ಬಿತ್ತು. ಗೆದ್ದೆವು. ನಾವೆಲ್ಲ ಕುಣಿಯುತ್ತಿದ್ದಾಗ ಆ ಹುಡುಗಿ ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು. ನಾಯಕಿ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಬ್ಯಾಡವಾ, ನಿನ್ನ ಬೆರಳ ನೋಯ್ತೈತಿ."